‘ಸ್ಟಾಕರ್’ ಮತ್ತೆ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯಾದ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿ 1979ರಲ್ಲಿ ತೆರೆಗೆ ತಂದ ‘ಸ್ಟಾಕರ್’ ಚಿತ್ರವನ್ನು ಒಮ್ಮೆ ನೋಡಿ, ಅರ್ಧ ಮೆಚ್ಚಿ ಅರ್ಧ ಗೊಂದಲಕ್ಕೆ ಬಿದ್ದು, ಮತ್ತೊಮ್ಮೆ ನೋಡಲು ಹೊರಟವರ ಪ್ರಶ್ನೆಗಳಿವು. ಕಾವಲಿರುವ ‘ಝೋನ್’ ಎಂಬ ಜಾಗಕ್ಕೆ ಒಬ್ಬ ಬರಹಗಾರನನ್ನೂ ಒಬ್ಬ ಪ್ರೊಫೆಸರನ್ನೂ ಕದ್ದು ಕರೆದೊಯ್ಯುವ ದಾರಿತೋರಕನೇ ಸ್ಟಾಕರ್. ಮಾತುಕತೆ, ಪತ್ರ, ಕಮೆಂಟುಗಳಲ್ಲಿ ಹೆಚ್ಚಾಗಿ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲ ಗುಂಪಿನ ನಂತರ ಕಥೆಯ ಕೊನೆಯವರೆಗಿನ ವಿವರಗಳು ಬರುತ್ತವೆ. ಚಿತ್ರ ಇನ್ನೂ ನೋಡಿಲ್ಲದವರು ಆ ಗುಂಪು ಓದಿ ನಿಲ್ಲಿಸಿ, ಸಿನಿಮಾ ನೋಡಿ ಬರುವುದು ಒಳ್ಳೆಯದು.

### ನೋಡಲು ಕೂರುವ ಮುಂಚೆ

ಮೊದಲ ಸಲ ನಿದ್ದೆ ಬಂದುಬಿಡ್ತು. ಇನ್ನೊಂದು ಸಲ ನೋಡಿದರೆ ಏನಾದರೂ ಸಿಗುತ್ತಾ?

ಸಿಗುತ್ತದೆ, ಅದೂ ಮೊದಲ ಸಲ ಸಿಗದೇ ಇದ್ದದ್ದೇ ಸಿಗುತ್ತದೆ. ಚಿತ್ರದ ಉದ್ದ ಸುಮಾರು 163 ನಿಮಿಷ, ಒಟ್ಟು ಶಾಟ್‌ಗಳು 142. ಅಂದರೆ ಒಂದೊಂದು ಶಾಟ್ ಸರಾಸರಿ ಒಂದು ನಿಮಿಷಕ್ಕೂ ಮೀರಿ ನಿಲ್ಲುತ್ತದೆ. ಮೊದಲ ಸಲ ನೋಡುವವರ ಮನಸ್ಸು ‘ಈಗ ಏನೋ ಆಗುತ್ತೆ’ ಎಂದು ಕಾಯುತ್ತಿರುತ್ತದೆ. ಆಗುವುದಿಲ್ಲ, ಮತ್ತೆ ಕಾಯುತ್ತದೆ. ಆಯಾಸ ತರುವುದು ನಿಧಾನಗತಿಗಿಂತ ಹೆಚ್ಚಾಗಿ ಈ ಕಾಯುವಿಕೆ. ಎರಡನೇ ಸಲ ಯಾವ ಪೊದೆಯಿಂದಲೂ ಏನೂ ಹಾರಿ ಬರುವುದಿಲ್ಲ ಎಂದು ಗೊತ್ತಿರುತ್ತದೆ. ಆಗ ಕಣ್ಣು ಚೌಕಟ್ಟಿನ ಮೂಲೆಗಳಿಗೆ ಹೋಗಲು ಶುರುವಾಗುತ್ತದೆ, ಕಿವಿ ತೆರೆಯುತ್ತದೆ.

ಎಷ್ಟು ದಿನ ಬಿಟ್ಟು ನೋಡಬೇಕು?

ಲೆಕ್ಕವಿಲ್ಲ. ರೈಲು ಹಳಿಯ ಮೇಲಿನ ಟ್ರಾಲಿ ಪ್ರಯಾಣವೂ ಕೊನೆಯ ಮೇಜಿನ ದೃಶ್ಯವೂ ನೆನಪಿದ್ದು, ನಡುವಿನ ದೃಶ್ಯಗಳ ಅನುಕ್ರಮ ಮರೆತಿದ್ದರೆ ಅದೇ ಸರಿಯಾದ ಹೊತ್ತು.

ಎಲ್ಲಿ ಸಿಗುತ್ತೆ? ಯಾವ ಪ್ರತಿ ಒಳ್ಳೆಯದು?

ನಿರ್ಮಾಣ ಸಂಸ್ಥೆ ಮಾಸ್‌ಫಿಲ್ಮ್ ತನ್ನ ಹಳೆಯ ಚಿತ್ರಗಳನ್ನು ಸಬ್‌ಟೈಟಲ್ ಸಮೇತ ತನ್ನದೇ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕುತ್ತ ಬಂದಿದೆ. ಮೊದಲು ಅಲ್ಲಿ ಹುಡುಕಿ. ಡಿಸ್ಕ್ ಬೇಕೆನ್ನುವವರಿಗೆ ಅಮೆರಿಕದ ಡಿಸ್ಕ್ ಸಂಸ್ಥೆ ಕ್ರೈಟೀರಿಯನ್ 2017ರಲ್ಲಿ ಹೊರತಂದ, ಮರುಸಂಸ್ಕರಿಸಿದ ಪ್ರತಿ ಚೆನ್ನಾಗಿದೆ. ಆದರೆ ಕ್ರೈಟೀರಿಯನ್ ಬ್ಲೂ-ರೇಗಳು ‘ಎ’ ವಲಯದವು, ಭಾರತ ‘ಸಿ’ ವಲಯದಲ್ಲಿದೆ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್‌ನಲ್ಲಿ ಅದು ಓಡದಿರಬಹುದು. ಎಲ್ಲ ವಲಯಕ್ಕೂ ತೆರೆದ ಪ್ಲೇಯರ್ ಇದೆಯೇ ಎಂದು ನೋಡಿಕೊಂಡೇ ಹಣ ಕೊಡಿ.

ಹಳೆಯ ಡಿವಿಡಿ ಕೈಗೆ ಸಿಕ್ಕರೆ ಧ್ವನಿಯ ಮೆನುವಿಗೆ ಹೋಗಿ. 5.1 ಎಂದು ಬರೆದದ್ದು ನಂತರ ಮಾಡಿದ ಮಿಶ್ರಣ, ಅದರಲ್ಲಿ ಮೂಲದ ಸದ್ದುಗಳ ಹದ ಕೆಟ್ಟಿದೆ. ಮೋನೋ, ಅಂದರೆ ಒಂದೇ ಚಾನೆಲ್ಲಿನ ಧ್ವನಿ, ಆರಿಸಿ. ಈ ಚಿತ್ರದ ಅರ್ಧ ಕೆಲಸ ನಡೆಯುವುದೇ ಸದ್ದಿನಲ್ಲಿ, ಹಾಗಾಗಿ ಚಿತ್ರಬಿಂಬ ಸ್ವಲ್ಪ ಮಬ್ಬಾದರೂ ಪರವಾಗಿಲ್ಲ, ಧ್ವನಿ ತಪ್ಪಾಗಬಾರದು.

ಟೀವಿಯಲ್ಲಿ ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ, ಕಂದು ಬಣ್ಣ ಕಿತ್ತಳೆ ತರ ಕಾಣುತ್ತೆ. ಏನು ಮಾಡಲಿ?

ಪಟ್ಟಿಗಳು ಇರಲೇಬೇಕು. ಚೌಕಟ್ಟಿನ ಅನುಪಾತ 1.37:1, ಅಂದರೆ ಹೆಚ್ಚುಕಡಿಮೆ ಚೌಕ. ಝೂಮ್ ಮಾಡಿ ತುಂಬಿಸಿದರೆ ಮೇಲೂ ಕೆಳಗೂ ಕತ್ತರಿಸಿ ಹೋಗುತ್ತದೆ, ಹಿಗ್ಗಿಸಿದರೆ ಮುಖಗಳು ಅಗಲವಾಗುತ್ತವೆ.

ಕಿತ್ತಳೆ ಬಣ್ಣ ಟೀವಿಯ ‘ವಿವಿಡ್’ ಮೋಡ್‌ನ ಕೆಲಸ. ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಬದಲಿಸಿ. ಚಲನೆಯನ್ನು ನುಣುಪು ಮಾಡುವ ಮೋಷನ್ ಸೆಟ್ಟಿಂಗ್ ಪೂರ್ತಿ ಆಫ್ ಮಾಡಿ. ಅದು ಆನ್ ಇದ್ದರೆ ಇಂಚಿಂಚಾಗಿ ಸರಿಯುವ ಕ್ಯಾಮೆರಾ ಧಾರಾವಾಹಿಯ ಹಾಗೆ ಜಾರುತ್ತದೆ, ಚಿತ್ರದ ಭಾರವೇ ಹೋಗಿಬಿಡುತ್ತದೆ. ಶಾರ್ಪ್‌ನೆಸ್ ತಗ್ಗಿಸಿ. ಪರೀಕ್ಷೆಗೆ ಮಲಗುವ ಕೋಣೆಯ ಮೊದಲ ಶಾಟ್ ಇಟ್ಟುಕೊಳ್ಳಿ: ಅರೆ ತೆರೆದ ಬಾಗಿಲಿನ ನಡುವೆ ಕ್ಯಾಮೆರಾ ಒಳಗೆ ಹೋಗುವಾಗ ಅಕ್ಕಪಕ್ಕದ ಕತ್ತಲೆಯಲ್ಲಿ ಗೋಡೆಯ ತರಿ ಸ್ವಲ್ಪವಾದರೂ ಕಾಣಬೇಕು. ಕಾಣದಿದ್ದರೆ ಬ್ರೈಟ್‌ನೆಸ್ ಒಂದೆರಡು ಹಂತ ಏರಿಸಿ. ಕತ್ತಲೆ ಚೌಕಚೌಕವಾಗಿ ಒಡೆದು ಕಂಡರೆ ದೋಷ ಟೀವಿಯದಲ್ಲ, ಇಂಟರ್ನೆಟ್ ವೇಗದ್ದು. ಯೂಟ್ಯೂಬ್‌ನಲ್ಲಿ ಕ್ವಾಲಿಟಿಯನ್ನು ಕೈಯಾರೆ ಹೆಚ್ಚಿಸಿ. ಫೋನಿನಲ್ಲಿ ದಯವಿಟ್ಟು ನೋಡಬೇಡಿ.

ಒಂದೇ ಸಲಕ್ಕೆ ಕೂತು ನೋಡಲೇಬೇಕಾ?

ಬೇಕಿಲ್ಲ. ಚಿತ್ರವನ್ನು ಮಾಡಿದ್ದೇ ಎರಡು ಭಾಗವಾಗಿ. ಮೊದಲನೆಯದು ಸುಮಾರು 65 ನಿಮಿಷ, ಎರಡನೆಯದು ಒಂದೂವರೆ ಗಂಟೆಗೆ ತುಸು ಹೆಚ್ಚು. ಬಿಡುವು ಬೇಕಾದರೆ ಅಲ್ಲೇ ತೆಗೆದುಕೊಳ್ಳಿ. ಬೇರೆಲ್ಲಾದರೂ ನಿಲ್ಲಿಸಿದರೆ, ಮುಖ್ಯವಾಗಿ ಒಂದು ಶಾಟ್‌ನ ನಡುವೆ, ಆ ಶಾಟ್ ಕಟ್ಟಿಕೊಂಡು ಬಂದ ಬಿಗಿ ಸಡಿಲವಾಗುತ್ತದೆ.

ನೋಟ್ಸ್ ಮಾಡಿಕೊಳ್ಳುತ್ತ ನೋಡಲಾ?

ನೋಡುವಾಗ ಬೇಡ, ಮುಗಿದ ಮೇಲೆ ಬರೆಯಿರಿ. ಬಗ್ಗಿ ಬರೆಯುವ ಹತ್ತು ಸೆಕೆಂಡಿನಲ್ಲಿ ಬೆಳಕು ಬದಲಾಗಿರುತ್ತದೆ, ನೀವು ತಪ್ಪಿಸಿಕೊಂಡಿರುತ್ತೀರಿ. ಮುಗಿದ ಕೂಡಲೇ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಕ್ಯಾಮೆರಾ ತಾನೇ ತೋರಿಸಿದ್ದು, ಸ್ಟಾಕರ್ ಹೇಳಿದ್ದು, ಉಳಿದವರು ಹೇಳಿದ್ದು. ನೆನಪಿಗೆ ಬಂದ ಒಂದೊಂದು ಘಟನೆಯನ್ನೂ ಯಾವುದಾದರೂ ಒಂದರಲ್ಲಿ ಹಾಕಿ. ಎರಡನೇ ಕಾಲಂ ತುಂಬಿ ತುಳುಕುತ್ತದೆ, ಮೊದಲನೆಯದು ಹೆಚ್ಚುಕಡಿಮೆ ಖಾಲಿ ಇರುತ್ತದೆ. ಮುಂದಿನ ಗುಂಪಿನ ಉತ್ತರಗಳು ನಿಂತಿರುವುದು ಈ ಹಾಳೆಯ ಮೇಲೆ.

### ಕಥೆ, ಪಾತ್ರ, ಝೋನ್

ಝೋನ್ ಅಂದರೆ ಏನು? ಬೇರೆ ಗ್ರಹದವರು ನಿಜವಾಗಿ ಬಂದಿದ್ದರಾ?

ಚಿತ್ರ ಉತ್ತರ ಕೊಡುವುದಿಲ್ಲ, ಕೊಟ್ಟಂತೆ ನಟಿಸುವುದೂ ಇಲ್ಲ. ಆರಂಭದಲ್ಲಿ ಬರುವ ಬರಹ, ನೊಬೆಲ್ ಪಡೆದ ವ್ಯಾಲೇಸ್ ಎಂಬ ಕಾಲ್ಪನಿಕ ಪ್ರೊಫೆಸರ್ ಕೊಟ್ಟ ಸಂದರ್ಶನದ ತುಣುಕು. ಉಲ್ಕೆ ಬಿತ್ತೋ, ಆಕಾಶದಾಚೆಯವರು ಬಂದು ಹೋದರೋ ಗೊತ್ತಿಲ್ಲ, ಕಳಿಸಿದ ಸೈನ್ಯ ಮರಳಲಿಲ್ಲ, ಸುತ್ತ ಕಾವಲು ಹಾಕಿದರು ಎಂಬಷ್ಟೇ ಅದರ ಸಾರ. ಮುಂದೆ ಪ್ರೊಫೆಸರ್ ಪಾತ್ರ ಬರಹಗಾರನಿಗೆ ಇನ್ನಷ್ಟು ಹೇಳುತ್ತದೆ. ಎರಡೂ ಕೇಳಿದ ಮಾತು. ಝೋನ್‌ನೊಳಗೆ ಕಣ್ಣಿಗೆ ಬೀಳುವುದು ತುಕ್ಕು ಹಿಡಿದ ಟ್ಯಾಂಕುಗಳು, ಒದ್ದೆ ಹುಲ್ಲು, ಪಾಳುಬಿದ್ದ ಕಟ್ಟಡ. ಆ ಕಟ್ಟಡದಲ್ಲಿ, ಒಳಗೆ ಹೋದವರ ಅಂತರಾಳದ ಆಸೆಯನ್ನು ಈಡೇರಿಸುವ ಒಂದು ಕೋಣೆ ಇದೆ ಎಂಬುದೂ ಕೇಳಿದ ಮಾತೇ.

ಅಪಾಯ ಅಂತ ಒಂದೂ ಕಾಣಲ್ಲ. ಹಾಗಾದರೆ ಸ್ಟಾಕರ್ ಮೋಸಗಾರನಾ?

ಎರಡನೇ ಸಲ ನೋಡುವವರೆಲ್ಲ ಕೇಳುವ ಪ್ರಶ್ನೆ ಇದು, ಅನುಮಾನಕ್ಕೆ ಕಾರಣಗಳೂ ಗಟ್ಟಿಯಾಗಿವೆ.

ಅವನು ಬಟ್ಟೆಯ ಪಟ್ಟಿ ಕಟ್ಟಿದ ನಟ್ಟನ್ನು ಎಸೆದು, ಅದು ಬಿದ್ದ ಕಡೆಗೆ ಎಲ್ಲರನ್ನೂ ನಡೆಸುತ್ತಾನೆ. ನಟ್ಟು ಹುಲ್ಲಿಗೆ ಬೀಳುತ್ತದೆ, ಅಷ್ಟೇ. ಹೋಗಬೇಕಾದ ಕಟ್ಟಡ ಎದುರಿಗೇ ಕಾಣುತ್ತಿದ್ದರೂ ನೇರ ಹೋಗಬಾರದು, ಬಳಸಿ ಹೋಗಬೇಕು ಎನ್ನುತ್ತಾನೆ. ಬರಹಗಾರ ಮಾತು ಕೇಳದೆ ನೇರ ಹೊರಟಾಗ ಗಾಳಿ ಏಳುತ್ತದೆ, ‘ನಿಲ್ಲು’ ಎಂಬ ದನಿ ಕೇಳುತ್ತದೆ. ಯಾರ ದನಿ? ಉಳಿದ ಇಬ್ಬರೂ ತಾವಲ್ಲ ಎನ್ನುತ್ತಾರೆ. ಹೆದರಿ ಹಿಂದೆ ಬರಲು ನೆಪ ಬೇಕಾಗಿ ನೀನೇ ಕೂಗಿಕೊಂಡೆ ಎಂಬುದು ಪ್ರೊಫೆಸರ್‌ನ ತೀರ್ಮಾನ. ‘ಮಾಂಸ ಅರೆಯುವ ಯಂತ್ರ’ ಎಂದು ಕರೆಯುವ ಸುರಂಗಕ್ಕೆ ಮೊದಲು ಯಾರು ಎಂದು ಕಡ್ಡಿ ಎತ್ತಿಸುತ್ತಾನೆ. ಎರಡೂ ಕಡ್ಡಿ ಉದ್ದದ್ದೇ ಇಟ್ಟು ನನ್ನನ್ನು ಮುಂದೆ ತಳ್ಳಿದೆ ಎಂದು ಬರಹಗಾರ ಆಮೇಲೆ ಜಗಳ ತೆಗೆಯುತ್ತಾನೆ. ಸುರಂಗದಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ.

ಈಗ ಮೊದಲ ಕಾಲಂಗೆ ಬನ್ನಿ. ರಕ್‌ಸ್ಯಾಕ್ ತರಲೆಂದು ಹಿಂದೆ ಉಳಿದ ಪ್ರೊಫೆಸರ್, ನೀರು ದಾಟಿ ಮುಂದೆ ಬಂದವರಿಗೆ ಬೆಂಕಿ ಹಾಕಿಕೊಂಡು ಕೂತ ಹಾಗೆ ಸಿಗುತ್ತಾನೆ. ಇದನ್ನು ಸುತ್ತು ಹೊಡೆದು ಅಲ್ಲಿಗೇ ಬಂದರು ಎಂದು ವಿವರಿಸಬಹುದು. ಪಾಳುಮನೆಯಲ್ಲಿ ಟೆಲಿಫೋನ್ ಕೆಲಸ ಮಾಡುತ್ತದೆ. ಇದನ್ನೂ ಬೇಕಾದರೆ ಒಪ್ಪಬಹುದು. ಆದರೆ ಮರಳು ದಿಬ್ಬಗಳ ಹಜಾರದಲ್ಲಿ ಒಂದು ಹಕ್ಕಿ ಹಾರಿ ಬಂದು ನಡುಗಾಳಿಯಲ್ಲೇ ಮಾಯವಾಗುತ್ತದೆ, ಹಿಂದೆಯೇ ಇನ್ನೊಂದು ಬಂದು ಮರಳ ಮೇಲೆ ಇಳಿಯುತ್ತದೆ. ಸ್ಟಾಕರ್ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅವನು ಬೆದರಿಸಿದ್ದೆಲ್ಲ ನಡೆಯುವುದಿಲ್ಲ, ಅವನು ಹೇಳದೇ ಇದ್ದದ್ದು ನಡೆಯುತ್ತದೆ.

ನಮ್ಮ ತೀರ್ಮಾನ: ಅವನು ಮೋಸಗಾರನಲ್ಲ, ಅರ್ಚಕ. ದಾರಿ ಕಷ್ಟದ್ದು ಎಂದು ನಂಬಿದರೆ ಮಾತ್ರ ಬಂದವರ ಮನಸ್ಸು ಹದಕ್ಕೆ ಬರುತ್ತದೆ ಎಂಬುದು ಅವನ ಲೆಕ್ಕ. ಟ್ರಾಲಿಯಿಂದ ಇಳಿದ ಸ್ವಲ್ಪ ಹೊತ್ತಿಗೆ ಒಬ್ಬನೇ ಹೋಗಿ ಹುಲ್ಲಿನಲ್ಲಿ ಮುಖ ಹುದುಗಿಸಿ ಮಲಗುತ್ತಾನಲ್ಲ, ಆಗ ಅಲ್ಲಿ ಯಾರೂ ನೋಡುತ್ತಿಲ್ಲ. ಮೋಸಗಾರನಿಗೆ ಆ ದೃಶ್ಯದ ಅಗತ್ಯವೇ ಇರಲಿಲ್ಲ.

ಮುಳ್ಳುಹಂದಿಯ ಕಥೆ ಅರ್ಥವಾಗಲಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಮುಳ್ಳುಹಂದಿ ಎಂಬುದು ಸ್ಟಾಕರ್‌ನ ಗುರುವಿನ ಅಡ್ಡಹೆಸರು. ಅವನು ತನ್ನ ತಮ್ಮನನ್ನು ಸುರಂಗದಲ್ಲಿ ಬಲಿ ಕೊಡುತ್ತಾನೆ, ಆಮೇಲೆ ಕೋಣೆಗೆ ಹೋಗುತ್ತಾನೆ, ಮನೆಗೆ ಮರಳಿ ಭಾರೀ ಶ್ರೀಮಂತನಾಗುತ್ತಾನೆ, ಒಂದು ವಾರದಲ್ಲಿ ನೇಣು ಹಾಕಿಕೊಳ್ಳುತ್ತಾನೆ. ಈ ಸರಪಳಿಯನ್ನು ಬಿಡಿಸುವವನು ಬರಹಗಾರ. ಅವನ ಊಹೆಯಂತೆ, ಮುಳ್ಳುಹಂದಿ ಕೋಣೆಗೆ ಹೋದದ್ದು ತಮ್ಮನನ್ನು ಬದುಕಿಸಿ ಕೊಡು ಎಂದು ಬೇಡಲು. ಕೋಣೆ ಬಾಯಿಮಾತನ್ನು ಕೇಳಿಸಿಕೊಳ್ಳಲಿಲ್ಲ, ಒಳಗಿದ್ದದ್ದನ್ನು ಕೊಟ್ಟಿತು. ಒಳಗಿದ್ದದ್ದು ಹಣ. ತಾನು ಎಂಥವನು ಎಂಬುದು ತಿಳಿದ ಮೇಲೆ ಬದುಕಲು ಆಗಲಿಲ್ಲ.

ಇದು ಅರ್ಥವಾದರೆ ಹೊಸ್ತಿಲಲ್ಲಿ ಮೂವರೂ ಯಾಕೆ ನಿಂತುಬಿಡುತ್ತಾರೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪ್ರೊಫೆಸರ್ ಬಾಂಬ್ ತಂದು ಯಾಕೆ ಸಿಡಿಸಲಿಲ್ಲ?

ಅವನ ರಕ್‌ಸ್ಯಾಕ್‌ನಲ್ಲಿರುವುದು 20 ಕಿಲೋಟನ್ ಬಾಂಬ್. ದುಷ್ಟರು ಇಲ್ಲಿಗೆ ಬಂದು ಜಗತ್ತನ್ನು ಆಳುವ ವರ ಪಡೆದರೆ ಏನು ಗತಿ ಎಂಬ ಭಯ ಅವನದು. ಆದರೆ ಬರಹಗಾರನ ವಾದ ಸರಿಯಾಗಿದ್ದರೆ, ಯೋಚಿಸಿ ಮಾಡಿದ ಯೋಜನೆ ಯಾವುದೂ ಇಲ್ಲಿ ಕೈಗೂಡುವುದಿಲ್ಲ. ಮನುಷ್ಯನ ಒಳಗೆ ಕೊಳೆತಿರುವ ಸಣ್ಣ ಆಸೆಯಷ್ಟೇ ಈಡೇರುತ್ತದೆ. ಪ್ರೊಫೆಸರ್‌ನ ಭಯದ ಬುಡವೇ ಕಿತ್ತುಹೋಯಿತು. ಬಿಚ್ಚಿದ ಭಾಗಗಳನ್ನು ಅವನು ನೀರಿಗೆ ಎಸೆಯುತ್ತಾನೆ.

ಯಾರೂ ಕೋಣೆಯೊಳಗೆ ಹೋಗಲೇ ಇಲ್ಲ. ನಮಗೂ ಅದನ್ನು ತೋರಿಸಲಿಲ್ಲ ಅಲ್ವಾ?

ತೋರಿಸಿದ್ದಾರೆ, ಆದರೆ ನಾವು ಎಣಿಸಿದ ಕಡೆಯಿಂದಲ್ಲ. ಮೂವರೂ ಸೋತು ನೆಲದ ಮೇಲೆ ಒಬ್ಬರಿಗೊಬ್ಬರು ಒರಗಿ ಕೂತಿರುವಾಗ ಕ್ಯಾಮೆರಾ ಅವರಿಂದ ಹಿಂದೆ ಹಿಂದೆ ಸರಿಯುತ್ತದೆ. ನಮಗೂ ಅವರಿಗೂ ನಡುವೆ ನೀರು ನಿಂತ ನೆಲ ಹರಡಿಕೊಳ್ಳುತ್ತದೆ. ಬೆಳಕು ಬೆಚ್ಚಗಾಗಿ ಮತ್ತೆ ಮಂಕಾಗುತ್ತದೆ, ಆಮೇಲೆ ಆ ನೀರಿನ ಮೇಲೆ ಮಳೆ ಸುರಿಯುತ್ತದೆ, ನಿಲ್ಲುತ್ತದೆ. ಕ್ಯಾಮೆರಾ ಎಲ್ಲಿದೆ? ಅವರು ದಾಟದ ಹೊಸ್ತಿಲಿನ ಈಚೆ, ಕೋಣೆಯೊಳಗೆ. ಅಂದರೆ ಕೋಣೆಯೊಳಗೆ ಇರುವವರು ನಾವು ಪ್ರೇಕ್ಷಕರು. ಮೊದಲ ಸಲ ಬಹುಪಾಲು ಜನ ಇದನ್ನು ಗಮನಿಸುವುದಿಲ್ಲ, ಆ ಮೂವರ ಮುಖಗಳನ್ನೇ ನೋಡುತ್ತಿರುತ್ತಾರೆ. ಇಡೀ ಚಿತ್ರದಲ್ಲಿ ಮತ್ತೆ ನೋಡಲೇಬೇಕಾದ ಶಾಟ್ ಒಂದನ್ನೇ ಹೇಳಿ ಎಂದರೆ ಇದನ್ನು ಹೇಳುತ್ತೇವೆ.

ಆ ಕಪ್ಪು ನಾಯಿ ಏನು?

ಝೋನ್‌ನಿಂದ ಹೊರಗೆ ಬರುವ ಒಂದೇ ಜೀವ. ಸ್ಟಾಕರ್‌ನ ಮನೆಗೆ ಬರುತ್ತದೆ, ಹೆಂಡತಿ ಬಟ್ಟಲಿಗೆ ಹಾಲು ಹಾಕುತ್ತಾಳೆ. ಅದರ ಮೇಲೆ ಇದಕ್ಕಿಂತ ಹೆಚ್ಚಿನ ಭಾರ ಹೊರಿಸುವುದು ಬೇಡ.

### ಬಣ್ಣ, ಸದ್ದು, ಕೊನೆಯ ದೃಶ್ಯ

ಹೊರಗೆ ಕಂದು, ಝೋನ್‌ನಲ್ಲಿ ಬಣ್ಣ. ಅಷ್ಟೇ ತಾನೇ ಸೂತ್ರ?

ಅಷ್ಟೇ ಅಲ್ಲ, ಸೂತ್ರ ಮೂರು ಕಡೆ ಮುರಿಯುತ್ತದೆ. ಒಂದು, ಝೋನ್‌ನೊಳಗೇ ಮೂವರೂ ನೀರಿನ ಪಕ್ಕ ವಿಶ್ರಮಿಸುವಾಗ ಕಂದು ಮರಳಿ ಬರುತ್ತದೆ. ಅದನ್ನು ಕನಸೆಂದು ತೆಗೆದುಕೊಳ್ಳಬಹುದು. ಎರಡು, ಎಲ್ಲ ಮುಗಿದು ಊರಿಗೆ ಬಂದ ಮೇಲೆ ಮಗಳು ಮಂಗಿಯ ಮುಖ ಬಣ್ಣದಲ್ಲಿ ಕಾಣುತ್ತದೆ. ತಲೆಗೆ ವಸ್ತ್ರ ಕಟ್ಟಿದ ಹುಡುಗಿ ಪಕ್ಕದಿಂದ ಕಾಣುತ್ತ ಸಾಗುತ್ತಾಳೆ. ಕಾಲಿಲ್ಲ ಎಂದು ಕೇಳಿದ್ದ ಮಗು ನಡೆಯುತ್ತಿದೆಯಲ್ಲ ಎಂದು ಒಂದು ಕ್ಷಣ ನಂಬಿಬಿಡುತ್ತೇವೆ. ಚೌಕಟ್ಟು ಅಗಲವಾದಾಗ ಅವಳು ಅಪ್ಪನ ಹೆಗಲ ಮೇಲಿದ್ದಾಳೆ. ಮೂರು, ಕೊನೆಯ ಮೇಜಿನ ದೃಶ್ಯ.

ಎರಡೂ ಮೂರೂ ಝೋನ್‌ನ ಹೊರಗೆ, ಎರಡರಲ್ಲೂ ಇರುವವಳು ಮಂಗಿ. ಬಣ್ಣ ಝೋನ್‌ಗೆ ಎಷ್ಟು ಸೇರಿದ್ದೋ ಅವಳಿಗೂ ಅಷ್ಟೇ ಸೇರಿದೆ.

ಗ್ಲಾಸ್ ಸರಿಸಿದ್ದು ಮಗುವಾ, ರೈಲಾ?

ದೃಶ್ಯದ ಅನುಕ್ರಮ ಗಮನಿಸಿ. ಮಂಗಿ ಪುಸ್ತಕ ಓದುತ್ತಿದ್ದಾಳೆ. ಅವಳ ದನಿಯಲ್ಲಿ ರಷ್ಯನ್ ಕವಿ ತ್ಯೂಚೆವ್‌ನ ಪ್ರೇಮಕವಿತೆ ಕೇಳುತ್ತದೆ. ಮೇಜಿನ ಮೇಲಿನ ಪಾತ್ರೆಗಳನ್ನು ಒಂದೊಂದಾಗಿ ನೋಡುತ್ತಾಳೆ, ಅವು ಅವಳಿಂದ ದೂರಕ್ಕೆ, ನಮ್ಮ ಕಡೆಗೆ, ಒಂದೇ ಸಮನೆ ಜಾರುತ್ತವೆ. ನಾಯಿ ಕುಂಯ್‌ಗುಡುತ್ತದೆ. ಒಂದು ಗ್ಲಾಸ್ ಅಂಚು ದಾಟಿ ಬೀಳುತ್ತದೆ. ರೈಲಿನ ಅಬ್ಬರ ತುಂಬಿಕೊಂಡು ಮೇಜು ನಡುಗುವುದು ಆಮೇಲೆ. ನಡುಕಕ್ಕೆ ಜಾರುವ ಗ್ಲಾಸ್ ಕುಣಿಯುತ್ತ ಸರಿಯುತ್ತದೆ, ಹೀಗೆ ನುಣ್ಣಗೆ ಹೋಗುವುದಿಲ್ಲ. ರೈಲಿನ ಮೇಲೆ ಹಾಕುವುದು ಕಷ್ಟ.

ಈಗ ಚಿತ್ರದ ಆರಂಭಕ್ಕೆ ಹಿಂತಿರುಗಿ. ಹಾಸಿಗೆ ಪಕ್ಕ ನೀರಿನ ಗ್ಲಾಸ್ ಇದೆ, ರೈಲು ಹೋಗುತ್ತದೆ, ಗ್ಲಾಸ್ ಸರಿಯುತ್ತದೆ. ಆಗ ಯಾರಿಗೂ ಅನುಮಾನವಿಲ್ಲ. ಕ್ಯಾಮೆರಾ ಅಲ್ಲಿಂದ ಹೆಂಡತಿ, ಮಗಳು, ಸ್ಟಾಕರ್ ಮಲಗಿರುವುದನ್ನು ದಾಟಿ ಹೋಗುತ್ತದೆ. ಕೊನೆ ಗೊತ್ತಿದ್ದವರಿಗೆ ಮಾತ್ರ ಆ ಮೊದಲ ಗ್ಲಾಸಿನ ಮೇಲೂ ಸಂಶಯ ಬರುತ್ತದೆ.

ನಮ್ಮ ಮಟ್ಟಿಗೆ ಚಿತ್ರವನ್ನು ಮತ್ತೆ ನೋಡಲು ಇರುವ ದೊಡ್ಡ ಕಾರಣ ಇದೇ. ಮೂವರು ಗಂಡಸರು ಎರಡು ಗಂಟೆ ನೀರು, ಮಣ್ಣು, ಮರಳಿನಲ್ಲಿ ಪವಾಡ ಹುಡುಕಿಕೊಂಡು ಹೋಗಿ ಬರಿಗೈಲಿ ಬರುತ್ತಾರೆ. ಸಂಶಯಕ್ಕೆ ಹೆಚ್ಚು ಎಡೆಯಿಲ್ಲದ ಪವಾಡ ನಡೆಯುವುದು ಅಡುಗೆಮನೆಯ ಮೇಜಿನ ಮೇಲೆ, ಅಪ್ಪ ಪಕ್ಕದಲ್ಲಿ ಕುಸಿದು ಮಲಗಿರುವಾಗ. ಅವನಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಎರಡನೇ ಸಲ ಈ ಚಿತ್ರವನ್ನು ಝೋನ್‌ನ ಕಥೆಯಾಗಿ ಅಲ್ಲ, ಮನೆಯ ಕಥೆಯಾಗಿ ನೋಡಿ.

ಹೆಂಡತಿ ಇದ್ದಕ್ಕಿದ್ದ ಹಾಗೆ ನಮ್ಮನ್ನೇ ನೋಡಿ ಮಾತಾಡೋದು ಯಾಕೆ?

ಮೊದಲ ಸಲ ಇದು ವಿಚಿತ್ರ ಅನ್ನಿಸುತ್ತದೆ, ಎರಡನೇ ಸಲ ಇದೇ ಸಹಜ ಅನ್ನಿಸುತ್ತದೆ. ಹೆಂಡತಿಯ ಪಾತ್ರದ ಆಲಿಸಾ ಫ್ರೈಂಡ್‌ಲಿಖ್ ಸಿಗರೇಟು ಹಚ್ಚಿ ಕೂತು, ಇಂಥವನನ್ನು ಕಟ್ಟಿಕೊಂಡರೆ ಕಷ್ಟ ಎಂದು ಮೊದಲೇ ಗೊತ್ತಿತ್ತು, ಆದರೂ ಪಶ್ಚಾತ್ತಾಪವಿಲ್ಲ ಎಂಬರ್ಥದಲ್ಲಿ ಹೇಳುತ್ತಾಳೆ. ಇದಕ್ಕೆ ಸ್ವಲ್ಪ ಮುಂಚೆ ಗಂಡ, ಜನರಲ್ಲಿ ನಂಬುವ ಅಂಗವೇ ಸೊರಗಿಹೋಗಿದೆ ಎಂದು ಅತ್ತಿದ್ದಾನೆ. ನಾನೇ ನಿನ್ನ ಜೊತೆ ಝೋನ್‌ಗೆ ಬರಲಾ ಎಂದು ಇವಳು ಕೇಳಿದರೆ, ನಿನ್ನಲ್ಲೂ ಅದು ಕೈಕೊಟ್ಟರೆ ಎಂದು ಹೆದರಿದ್ದಾನೆ. ಅವನು ಊರೆಲ್ಲ ಹುಡುಕುತ್ತಿರುವ ನಂಬಿಕೆಯ ಮನುಷ್ಯ ಪಕ್ಕದಲ್ಲೇ ಇದ್ದಾಳೆ. ಅವನಿಗೆ ಹೇಳಿ ಪ್ರಯೋಜನವಿಲ್ಲ ಎಂದೇ ಅವಳು ನಮಗೆ ಹೇಳುತ್ತಿದ್ದಾಳೆ.

ಇಲ್ಲೇ ಇನ್ನೊಂದು ನೋಡಿ. ಅವನನ್ನು ಮಲಗಿಸುವಾಗ ಹಿಂದೆ ಗೋಡೆ ತುಂಬ ಪುಸ್ತಕ ಕಾಣುತ್ತದೆ. ಆರಂಭದ ದೃಶ್ಯದಲ್ಲಿ ಅವು ನಮ್ಮ ಕಣ್ಣಿಗೆ ಬೀಳದ ಹಾಗೆ ಕ್ಯಾಮೆರಾ ಇಟ್ಟಿದ್ದರು. ಓದಿದವರನ್ನು ಬೈಯುವ ಈತ ತಾನೂ ಓದಿದವನೇ.

ಹಿನ್ನೆಲೆಯಲ್ಲಿ ನಮ್ಮ ತಂಬೂರಿ ಕೇಳಿದ ಹಾಗಾಯಿತು. ಹೌದಾ?

ನಿಮ್ಮ ಕಿವಿ ಸರಿಯಾಗಿದೆ. ಸಂಗೀತ ಎಡ್ವರ್ಡ್ ಆರ್ತೆಮ್ಯೆವ್ ಅವರದು. ಮಧ್ಯಯುಗದ ಯುರೋಪಿನ ಒಂದು ರಾಗವನ್ನು ಆಧಾರವಾಗಿ ಇಟ್ಟುಕೊಂಡು ಮೊದಲು ಪ್ರಯತ್ನಿಸಿದರು, ಹೊಂದಲಿಲ್ಲ. ಆಮೇಲೆ, ಎಡೆಬಿಡದೆ ಮೊಳಗುವ ಒಂದು ಆಧಾರ ಸ್ವರದ ಮೇಲೆ ರಾಗ ಬೆಳೆಸುವ ಭಾರತೀಯ ಕ್ರಮದ ಕಡೆ ತಿರುಗಿದರು. ಆ ಶ್ರುತಿಯನ್ನು ಸಿಂಥಿ 100 ಎಂಬ ಎಲೆಕ್ಟ್ರಾನಿಕ್ ಸಿಂಥಸೈಸರ್‌ನಲ್ಲಿ ಹಿಡಿದು, ಮೇಲೆ ಕಾಕಸಸ್ ಸೀಮೆಯ ತಂತಿವಾದ್ಯ ‘ತಾರ್’ ಮತ್ತು ಕೊಳಲನ್ನು ಕೂರಿಸಿದರು. ಇಲ್ಲಿ ಯಾವುದೇ ನಿರ್ದಿಷ್ಟ ಹಿಂದೂಸ್ತಾನಿ ಅಥವಾ ಕರ್ನಾಟಕ ರಾಗ ಹುಡುಕಲು ಹೋಗಬೇಡಿ. ಎರವಲು ಪಡೆದದ್ದು ಶ್ರುತಿ ಹಿಡಿಯುವ ರೀತಿಯನ್ನು. ಕಚೇರಿ ಕೇಳಿ ಬೆಳೆದವರಿಗೆ ಈ ಚಿತ್ರದ ಸಂಗೀತ ಬೇಗ ಒಲಿಯುವುದಕ್ಕೆ ಇದೇ ಕಾರಣವಿರಬೇಕು.

ಟ್ರಾಲಿ ದೃಶ್ಯಕ್ಕೆ ಹೆಡ್‌ಫೋನ್ ಹಾಕಿಕೊಳ್ಳಿ. ಹಳಿಯ ಕಟಕಟ ಮೊದಲು ಬರೀ ಕಬ್ಬಿಣದ ಸದ್ದು. ಸ್ವಲ್ಪ ಸ್ವಲ್ಪವೇ ಅದಕ್ಕೆ ಪ್ರತಿಧ್ವನಿ ಸೇರುತ್ತದೆ, ಎಲೆಕ್ಟ್ರಾನಿಕ್ ಧ್ವನಿ ಬೆರೆಯುತ್ತದೆ. ಎಲ್ಲಿ ಬದಲಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಬಣ್ಣ ಬರುವ ಮುಂಚೆಯೇ ಕಿವಿ ಗಡಿ ದಾಟಿರುತ್ತದೆ.

ರೈಲಿನ ಸದ್ದಿನೊಳಗೆ ಯಾವುದೋ ಹಾಡು ಕೇಳಿಸಿತು. ಭ್ರಮೆಯಾ?

ಭ್ರಮೆಯಲ್ಲ. ಆರಂಭದ ರೈಲಿನಲ್ಲಿ ಫ್ರಾನ್ಸಿನ ರಾಷ್ಟ್ರಗೀತೆ, ಬಾಂಬಿನ ಭಾಗಗಳು ನೀರಿನಲ್ಲಿ ಬಿದ್ದಿರುವಾಗ ರಾವೆಲ್‌ನ ‘ಬೊಲೇರೋ’, ಕೊನೆಯಲ್ಲಿ ಬೇಥೋವನ್‌ನ ಒಂಬತ್ತನೇ ಸಿಂಫನಿಯ ಆನಂದಗೀತೆ ಗಡಗಡ ಸದ್ದಿನ ಅಡಿಯಲ್ಲಿ ಹಾದುಹೋಗುತ್ತವೆ. ಟೀವಿಯ ಸ್ಪೀಕರ್‌ನಲ್ಲಿ ಇವು ಬಹುತೇಕ ಸಿಗುವುದಿಲ್ಲ.

### ಚಿತ್ರದ ಹಿಂದಿನ ಕಥೆ

ಮೂಲ ಕಾದಂಬರಿ ಓದಿಕೊಂಡು ನೋಡಿದರೆ ಅರ್ಥವಾಗುತ್ತಾ?

ಕಾದಂಬರಿ ಚೆನ್ನಾಗಿದೆ, ಆದರೆ ಕೀಲಿಕೈ ಆಗುವುದಿಲ್ಲ. ಅರ್ಕಾದಿ ಮತ್ತು ಬೋರಿಸ್ ಸ್ತ್ರುಗಾತ್‌ಸ್ಕಿ ಸೋದರರ ‘ರಸ್ತೆಬದಿಯ ಪಿಕ್ನಿಕ್’ 1972ರಲ್ಲಿ ಪತ್ರಿಕೆಯಲ್ಲಿ ಬಂತು. ಅದರ ನಾಯಕ ರೆಡ್ ಶುಹಾರ್ಟ್ ಗಟ್ಟಿಗ, ಝೋನ್‌ನಿಂದ ವಸ್ತುಗಳನ್ನು ಕದ್ದು ತಂದು ಮಾರುವವನು. ಅಲ್ಲಿನ ಅಪಾಯಗಳಿಗೆ ಹೆಸರಿವೆ, ಕಣ್ಣೆದುರೇ ಜನ ಸಾಯುತ್ತಾರೆ, ಕೊನೆಯಲ್ಲಿ ಆಸೆ ಈಡೇರಿಸುವ ಬಂಗಾರದ ಗೋಳ ಇದೆ. ಚಿತ್ರಕಥೆ ಬರೆದವರೂ ಅದೇ ಸೋದರರು. ತಾರ್ಕೋವ್‌ಸ್ಕಿಯ ಒತ್ತಾಯಕ್ಕೆ ಕರಡಿನ ಮೇಲೆ ಕರಡು ತಿದ್ದಿ ಇವನ್ನೆಲ್ಲ ಒಂದೊಂದಾಗಿ ಕಳಚಿದರು. ಎರಡನೇ ವೀಕ್ಷಣೆ ಆದ ಮೇಲೆ ಓದಿ. ಏನನ್ನು ಕೈಬಿಟ್ಟರು ಎಂದು ಆಗ ಕಾಣುತ್ತದೆ.

ಇಡೀ ಚಿತ್ರವನ್ನು ಎರಡು ಸಲ ಶೂಟ್ ಮಾಡಿದರಂತೆ, ನಿಜವಾ?

ನಿಜ. ಮೊದಲು ಆರಿಸಿದ್ದ ಜಾಗ ತಾಜಿಕಿಸ್ತಾನದ ಇಸ್ಫಾರಾ, ಭೂಕಂಪವಾಗಿ ಕೈಬಿಡಬೇಕಾಯಿತು. ಎಸ್ಟೋನಿಯಾದಲ್ಲಿ ತಾಲ್ಲಿನ್ ಬಳಿ, ಯಾಗಲಾ ನದಿಯ ಪಾಳುಬಿದ್ದ ಜಲವಿದ್ಯುತ್ ಕೇಂದ್ರಗಳ ಸುತ್ತ 1977ರಲ್ಲಿ ಚಿತ್ರೀಕರಣ ನಡೆಯಿತು. ಬಳಸಿದ್ದು ಕೊಡಾಕ್ 5247 ಎಂಬ ಫಿಲಂ. ಮಾಸ್ಕೋದಲ್ಲಿ ಸಂಸ್ಕರಣೆ ಸರಿಯಾಗದೆ ನೆಗೆಟಿವ್ ಬಳಸಲಾಗದ ಸ್ಥಿತಿಗೆ ಬಂತು. ಛಾಯಾಗ್ರಾಹಕ ಗಿಯೋರ್ಗಿ ರೆರ್‌ಬೆರ್ಗ್ ತಂಡ ಬಿಟ್ಟರು, ಲಿಯೊನಿದ್ ಕಲಾಶ್ನಿಕೋವ್ ಬಂದು ಹೋದರು. 1978ರ ಏಪ್ರಿಲ್‌ನಲ್ಲಿ ತಾರ್ಕೋವ್‌ಸ್ಕಿಗೆ ಹೃದಯಾಘಾತವಾಯಿತು. ಚಿತ್ರವನ್ನು ಎರಡು ಭಾಗವೆಂದು ತೋರಿಸಿದ್ದರಿಂದ ಹೆಚ್ಚಿನ ಹಣ ಸಿಕ್ಕಿ, ಅಲೆಕ್ಸಾಂಡರ್ ಕ್ನ್ಯಾಝಿನ್‌ಸ್ಕಿ ಕ್ಯಾಮೆರಾ ಹಿಡಿದು ಮುಗಿಸಿದರು.

ಈ ಅವಘಡದ ನಡುವೆ ಆದ ದೊಡ್ಡ ಬದಲಾವಣೆ ಸ್ಟಾಕರ್‌ನ ಸ್ವಭಾವದ್ದು. ಮೊದಲ ಆವೃತ್ತಿಯಲ್ಲಿ ಅವನು ಕಾದಂಬರಿಯ ಒರಟನಿಗೆ ಹತ್ತಿರದವನಾಗಿದ್ದ. ಇಂದು ಸ್ಟಾಕರ್ ಪಾತ್ರದ ಅಲೆಕ್ಸಾಂಡರ್ ಕೈದನೋವ್‌ಸ್ಕಿಯಲ್ಲಿ ಕಾಣುವ ಅಂಜುವ, ಬೇಡುವ ಭಕ್ತ ರೂಪುಗೊಂಡದ್ದು ನೆಗೆಟಿವ್ ಹಾಳಾದ ಮೇಲೆ.

ಚೆರ್ನೋಬಿಲ್ ಬಗ್ಗೆ ಮೊದಲೇ ಹೇಳಿದ ಚಿತ್ರ ಅಂತಾರಲ್ಲ?

ಚೆರ್ನೋಬಿಲ್ ದುರಂತ ನಡೆದದ್ದು 1986ರ ಏಪ್ರಿಲ್ 26ರಂದು, ಚಿತ್ರ ಬಂದು ಏಳು ವರ್ಷದ ಮೇಲೆ. ಜನರನ್ನು ಖಾಲಿ ಮಾಡಿಸಿದ 30 ಕಿಲೋಮೀಟರ್ ತ್ರಿಜ್ಯದ ಪ್ರದೇಶಕ್ಕೆ ಕದ್ದು ನುಗ್ಗುವವರನ್ನು ಇಂದಿಗೂ ಸ್ಟಾಕರ್ ಎಂದೇ ಕರೆಯುತ್ತಾರೆ. ಹೆಸರು ಸಾಹಿತ್ಯ, ಸಿನಿಮಾದಿಂದ ಅಲ್ಲಿಗೆ ಹೋದದ್ದು. ಹೆಗಲ ಮೇಲೆ ಮಗುವಿರುವ ದೃಶ್ಯದ ಹಿಂದೆ ಕಾಣುವ ಚಿಮಣಿಗಳು ಅಣುಸ್ಥಾವರದ್ದಲ್ಲ, ಮಾಸ್ಕೋದ ಉಷ್ಣ ವಿದ್ಯುತ್ ಸ್ಥಾವರದ್ದು. ಸೋವಿಯತ್ ನೆಲದಲ್ಲಿ ಮುಚ್ಚಿಟ್ಟ ಅಣುದುರಂತ ಚೆರ್ನೋಬಿಲ್‌ಗೂ ಮುಂಚೆ ಇತ್ತು: 1957ರಲ್ಲಿ ಉರಾಲ್ ಸೀಮೆಯ ಮಯಾಕ್ ಸ್ಥಾವರದ ತ್ಯಾಜ್ಯ ತೊಟ್ಟಿ ಸಿಡಿದು ಊರುಗಳನ್ನೇ ತೆರವು ಮಾಡಿದ್ದರು.

ಶೂಟಿಂಗ್ ಜಾಗದ ವಿಷದಿಂದ ತಂಡದವರು ಸತ್ತರು ಅನ್ನೋದು?

ಧ್ವನಿ ವಿನ್ಯಾಸಕ ವ್ಲಾದಿಮಿರ್ ಶರೂನ್ ಹಾಗೆ ಹೇಳಿದ್ದಾರೆ. ನದಿಯ ಮೇಲ್ಭಾಗದ ರಾಸಾಯನಿಕ ಕಾರ್ಖಾನೆಯ ಕೊಳೆ ನೀರಿಗೆ ಸೇರುತ್ತಿತ್ತು ಎಂಬುದು ಅವರ ಮಾತು, ನೀರಿನ ಮೇಲೆ ತೇಲುವ ಬಿಳಿ ನೊರೆ ಚಿತ್ರದಲ್ಲೇ ಕಾಣುತ್ತದೆ. ಬರಹಗಾರನ ಪಾತ್ರದ ಅನತೋಲಿ ಸೊಲೊನಿತ್ಸಿನ್ 1982ರಲ್ಲಿ, ತಾರ್ಕೋವ್‌ಸ್ಕಿ 1986ರ ಡಿಸೆಂಬರ್ 29ರಂದು ಪ್ಯಾರಿಸ್‌ನಲ್ಲಿ, ಇಬ್ಬರೂ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಾರಣ ಅದೇ ಎಂದು ಸಾಬೀತಾಗಿಲ್ಲ.

### ಇನ್ನೂ ಆಳಕ್ಕೆ ಹೋಗುವವರಿಗೆ

ನೀರಿನೊಳಗೆ ಕಾಣುವ ಸಿರಿಂಜ್, ನಾಣ್ಯ, ಬಂದೂಕು, ಇವೆಲ್ಲ ಯಾವುದರ ಸಂಕೇತ?

ಒಂದೊಂದಕ್ಕೂ ಅರ್ಥ ಹಚ್ಚುವ ಪಟ್ಟಿ ಮಾಡಿದವರು ಅನೇಕರಿದ್ದಾರೆ. ಅದು ಚಿತ್ರವನ್ನು ಚಿಕ್ಕದು ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಬದಲಿಗೆ ಶಾಟ್ ಹೇಗೆ ಸಾಗುತ್ತದೆ ನೋಡಿ. ಮಲಗಿದ ಸ್ಟಾಕರ್‌ನ ತಲೆಯಿಂದ ಕ್ಯಾಮೆರಾ ಹೊರಡುತ್ತದೆ, ಆಳವಿಲ್ಲದ ನೀರಿನಡಿಯ ಹೆಂಚುಗಳ ಮೇಲೆ ಸಾಗುತ್ತದೆ. ಸಿರಿಂಜ್, ನಾಣ್ಯಗಳು, ವಾನ್ ಐಕ್ ಸೋದರರು ಬಿಡಿಸಿದ, ಬೆಲ್ಜಿಯಂನ ಗೆಂಟ್ ಊರಿನ ಚರ್ಚಿನ ಚಿತ್ರಪೀಠದಿಂದ ತೆಗೆದ ಒಂದು ತುಣುಕು, ತುಕ್ಕು ಹಿಡಿದ ಬಂದೂಕು, ಸ್ಪ್ರಿಂಗ್, ಕ್ಯಾಲೆಂಡರಿನ ಹರಿದ ಹಾಳೆ. ಎಲ್ಲೂ ಕತ್ತರಿಸದೆ ಮುಂದೆ ಮುಂದೆ ಹೋದ ಕ್ಯಾಮೆರಾ ಕೊನೆಗೆ ತಲುಪುವುದು ಅದೇ ಸ್ಟಾಕರ್‌ನ ಕೈಗೆ. ಇಷ್ಟು ದೂರ ಬಂದದ್ದು ಒಂದು ದೇಹದ ಉದ್ದವಷ್ಟೇ ಎಂದು ಆಗ ಗೊತ್ತಾಗುತ್ತದೆ. ಔಷಧಿ, ಹಣ, ಕಲೆ, ಆಯುಧ, ಕಾಲ ಎಲ್ಲವೂ ಒಂದೇ ಕೆಸರಿನಲ್ಲಿ, ಒಂದೇ ಬೆಲೆಯಲ್ಲಿ ಬಿದ್ದಿವೆ.

ಆ ಕ್ಯಾಲೆಂಡರ್ ಹಾಳೆಯಲ್ಲಿ ಡಿಸೆಂಬರ್ 28 ಎಂದಿದೆ, ನಿರ್ದೇಶಕ ತೀರಿಕೊಂಡ ದಿನದ ಹಿಂದಿನ ದಿನ. ಕಾಕತಾಳೀಯ, ಹಾಗೆಂದೇ ಬಿಡಿ.

ಇದು ಕ್ರೈಸ್ತ ಚಿತ್ರವಾ?

ಕ್ರೈಸ್ತ ಮಾತುಗಳಿವೆ. ಕನಸಿನ ಶಾಟ್‌ನಲ್ಲಿ ಹೆಣ್ಣುದನಿ ಓದುವುದು ಬೈಬಲಿನ ಪ್ರಕಟನೆ ಗ್ರಂಥದ ಆರನೇ ಅಧ್ಯಾಯ. ಆಮೇಲೆ ಸ್ಟಾಕರ್ ಹೇಳಿಕೊಳ್ಳುವುದು ಲೂಕನ 24ನೇ ಅಧ್ಯಾಯದ ಎಮ್ಮಾವು ದಾರಿಯ ಭಾಗ, ಜೊತೆಗೇ ನಡೆಯುತ್ತಿದ್ದವನ ಗುರುತು ಸಿಗದ ಇಬ್ಬರ ಕಥೆ. ಆದರೆ ಮೃದುವಾದದ್ದು ಬದುಕಿನದು, ಗಡುಸಾದದ್ದು ಸಾವಿನದು ಎಂಬ ಅವನ ಪ್ರಾರ್ಥನೆ ಬಂದಿರುವುದು ಚೀನಾದ ಲಾವೋತ್ಸೆಯ ‘ದಾವ್ ದ ಜಿಂಗ್’ನಿಂದ. ಬೇಸಿಗೆ ಕಳೆಯಿತು ಎಂಬ ಕವಿತೆ ನಿರ್ದೇಶಕರ ತಂದೆ ಅರ್ಸೆನಿ ತಾರ್ಕೋವ್‌ಸ್ಕಿಯವರದು, ಚಿತ್ರದಲ್ಲಿ ಅದನ್ನು ಮುಳ್ಳುಹಂದಿಯ ಸತ್ತ ತಮ್ಮನ ಕವಿತೆ ಎನ್ನುತ್ತಾರೆ. ಒಂದೇ ಮತದ ಪಟ್ಟಿ ಹಚ್ಚಿದರೆ ಇವುಗಳಲ್ಲಿ ಅರ್ಧ ಹೊರಗೆ ಉಳಿಯುತ್ತವೆ.

ಎರಡನೇ ಸಲ ಕೆಲವು ಭಾಗ ಮೊದಲಿಗಿಂತ ಸಪ್ಪೆ ಅನ್ನಿಸಿದವು. ನನ್ನ ಗ್ರಹಿಕೆಯ ದೋಷವಾ?

ಅಲ್ಲ. ಮರಳು ಹಜಾರದಲ್ಲಿ ಬಾವಿಕಟ್ಟೆಯ ಬಳಿ ಬರಹಗಾರ ಆಡುವ ಉದ್ದನೆಯ ಮಾತು ಮೊದಲ ಸಲ ಆಳವಾಗಿ ಕೇಳುತ್ತದೆ, ಆಮೇಲೆ ನಾಟಕದ ಭಾಷಣದಂತೆ ಕೇಳಬಹುದು. ಚಿತ್ರ ತಾನೇ ತೋರಿಸಿಯಾದದ್ದನ್ನು ಅವನು ಮತ್ತೆ ಬಾಯಲ್ಲಿ ಹೇಳುತ್ತಾನೆ. ಆರಂಭದಲ್ಲಿ ಹೆಂಡತಿ ನೆಲದ ಮೇಲೆ ಬಿದ್ದು ಒದ್ದಾಡುವುದೂ ಇಂದು ಕಣ್ಣಿಗೆ ಚುಚ್ಚುತ್ತದೆ. ಕೊನೆಯಲ್ಲಿ ಅಷ್ಟು ಘನತೆ ಪಡೆಯುವ ಪಾತ್ರವನ್ನು ಆರಂಭದಲ್ಲಿ ಬರೀ ಸಂಕಟದ ಮುದ್ದೆ ಮಾಡಿದ್ದಾರೆ. ಈ ತಕರಾರುಗಳನ್ನು ಇಟ್ಟುಕೊಂಡೇ ಚಿತ್ರವನ್ನು ಪ್ರೀತಿಸಬಹುದು.

ಮೂರನೇ ಸಲಕ್ಕೆ ಏನು ಮಾಡಲಿ?

ಸಬ್‌ಟೈಟಲ್ ತೆಗೆದುಬಿಡಿ. ಮಾತಿನ ಸಾರ ಅಷ್ಟು ಹೊತ್ತಿಗೆ ಗೊತ್ತಿರುತ್ತದೆ. ಕೆಳಗಿನ ಸಾಲು ಓದುವ ಕಣ್ಣಿಗೆ ಈ ಚೌಕಟ್ಟುಗಳ ಕೆಳಭಾಗ, ಅಂದರೆ ನೀರು, ನೆಲ, ಹುಲ್ಲು, ತಪ್ಪಿಹೋಗಿರುತ್ತದೆ. ಪೂರ್ತಿ ಚಿತ್ರಕ್ಕೆ ಧೈರ್ಯ ಸಾಲದಿದ್ದರೆ ಐದು ಕಡೆ ಮಾತ್ರ ತೆಗೆಯಿರಿ: ಮಲಗುವ ಕೋಣೆಯ ಆರಂಭ, ಟ್ರಾಲಿ, ನೀರಿನೊಳಗಿನ ವಸ್ತುಗಳು, ಹೊಸ್ತಿಲಿನ ಮಳೆ, ಕೊನೆಯ ಮೇಜು. ಹೆಂಡತಿಯ ಮಾತಿಗೆ ಮಾತ್ರ ಮತ್ತೆ ಹಾಕಿಕೊಳ್ಳಿ. ಅವಳ ಮಾತಿನ ಒಂದು ಪದವೂ ತಪ್ಪಬಾರದು.